ಅಳಿಸುವ ಅಧಿಕಾರ ಯಾರಿಗೆ?



ಸಂಘದ ಜಾಲತಾಣದಲ್ಲಿ ಯಾರು ಬರೆಯಬೇಕು, ಯಾರು ತಿದ್ದಬೇಕು ಎಂಬ ವಿಷಯದ ಮೇಲೆ ಮಾತನಾಡಲು ವೈದ್ಯನೊಬ್ಬನನ್ನು ಕರೆದಿದ್ದೀರಿ. ಗಣಕಯಂತ್ರದಲ್ಲಿ ಪಳಗಿದವರು ಈ ಸಭೆಯಲ್ಲೇ ಹಲವರಿದ್ದಾರೆ. ಆದರೆ ತಿದ್ದುವ ಶಿಸ್ತನ್ನು ನಾನು ಕಲಿತದ್ದು ರೋಗಿಯೊಬ್ಬರ ಕಡತದಿಂದ.

ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕಕ್ಕೆ ಬಂದು ರೆಸಿಡೆನ್ಸಿಗೆ ಸೇರಿದ ಹೊಸತು. ಔಷಧವೊಂದರ ಪ್ರಮಾಣವನ್ನು ತಪ್ಪಾಗಿ ಬರೆದೆ; ನಾಚಿಕೆಯಿಂದ ಅದರ ಮೇಲೆ ದಪ್ಪನಾಗಿ ಗೀಚಿ ಸರಿಯಾದದ್ದನ್ನು ಬರೆದೆ. ಅಷ್ಟರಲ್ಲಿ ನರ್ಸ್ ಮೊದಲಿನ ಪ್ರಮಾಣವನ್ನೇ ಕೊಟ್ಟಾಗಿತ್ತು. ಎಷ್ಟು ಕೊಟ್ಟರೆಂದು ತಿಳಿಯಲು ಹಿರಿಯ ವೈದ್ಯರು ಆ ಹಾಳೆಯನ್ನು ದೀಪಕ್ಕೆ ಹಿಡಿದು ಓದಬೇಕಾಯಿತು. ರೋಗಿ ಉಳಿದರು. "ತಪ್ಪನ್ನು ಒಂದೇ ಗೆರೆಯಿಂದ ಹೊಡೆಯಿರಿ. ಕೆಳಗಿನ ಅಕ್ಷರ ಕಾಣಬೇಕು. ಪಕ್ಕದಲ್ಲಿ ತಾರೀಖು, ಹೊತ್ತು, ಸಹಿ" ಎಂದಷ್ಟೇ ಆ ಹಿರಿಯರು ಹೇಳಿದರು.

2001ರಲ್ಲಿ ಆರಂಭವಾದ ವಿಕಿಪೀಡಿಯವನ್ನು ಕಂಡಾಗ ನನಗೆ ಆ ಒಂದು ಗೆರೆಯೇ ನೆನಪಾಯಿತು. ಅಲ್ಲಿ 'ಸಂಪಾದಿಸಿ' ಎಂಬ ಆಜ್ಞೆಯ ಪಕ್ಕದಲ್ಲೇ 'ಇತಿಹಾಸ' ಎಂಬುದೂ ಇದೆ. ಯಾರು, ಯಾವಾಗ, ಯಾವ ಪದವನ್ನು ಬದಲಿಸಿದರೆಂಬುದು ಅಲ್ಲಿ ಉಳಿಯುತ್ತದೆ. ಹಳೆಯ ರೂಪಕ್ಕೆ ಮರಳುವುದು ಕ್ಷಣದ ಕೆಲಸ. ಕೆಡಿಸಿದ್ದನ್ನು ಸುಲಭವಾಗಿ ಸರಿಪಡಿಸಬಹುದಾದ್ದರಿಂದಲೇ ಅಪರಿಚಿತರಿಗೂ ಲೇಖನಿ ಕೊಡಲು ಸಾಧ್ಯವಾಯಿತು.

ಅದೂ ಸಾಲಲಿಲ್ಲವೆನ್ನಿ. 2005ರ ಮೇ ತಿಂಗಳಲ್ಲಿ ಜಾನ್ ಸೀಗೆಂತಾಲರ್ ಎಂಬ ಹಿರಿಯ ಪತ್ರಕರ್ತರ ಪುಟದಲ್ಲಿ ಯಾರೋ, ಕೆನಡಿ ಸೋದರರ ಕೊಲೆಯಲ್ಲಿ ಅವರ ಕೈವಾಡದ ಶಂಕೆಯಿತ್ತೆಂದು ಸುಳ್ಳು ಸೇರಿಸಿದರು. ನಾಲ್ಕು ತಿಂಗಳಿಗೂ ಮಿಕ್ಕಿ ಅದು ಹಾಗೆಯೇ ಇತ್ತು. ಇತಿಹಾಸವನ್ನು ತೆರೆದು ನೋಡುವ ಕಣ್ಣಿಲ್ಲದಿದ್ದರೆ ಅದು ಇದ್ದೇನು ಫಲ? ಆ ವರ್ಷದ ಡಿಸೆಂಬರಿನಲ್ಲಿ, ಹೆಸರು ನೋಂದಾಯಿಸದವರು ಇಂಗ್ಲಿಷ್ ಆವೃತ್ತಿಯಲ್ಲಿ ಹೊಸ ಪುಟ ಆರಂಭಿಸುವುದನ್ನು ನಿಲ್ಲಿಸಲಾಯಿತು. ತಿದ್ದುವ ಬಾಗಿಲು ಮಾತ್ರ ತೆರೆದೇ ಉಳಿಯಿತು. ಪುಟವನ್ನೇ ಅಳಿಸುವ ಅಧಿಕಾರ ನಿರ್ವಾಹಕರೆಂಬ ಕೆಲವರಿಗಷ್ಟೇ. ಅವರು ಅಳಿಸಿದ್ದನ್ನೂ ಇನ್ನೊಬ್ಬ ನಿರ್ವಾಹಕರು ಮರಳಿ ತರಬಲ್ಲರು. ಯಾರದೋ ಮನೆಯ ವಿಳಾಸದಂಥ ಖಾಸಗಿ ವಿವರವನ್ನು ನಿರ್ವಾಹಕರ ಕಣ್ಣಿಗೂ ಬೀಳದಂತೆ ಮರೆಮಾಡುವ ಅಧಿಕಾರವಿರುವವರು ಅವರಿಗಿಂತಲೂ ವಿರಳ.

ಈಗ ನಮ್ಮ ಮನೆಯ ಮಾತು. ಕಾರ್ಯಕಾರಿ ಸಮಿತಿಯ ಏಳು ಮಂದಿ ಒಂದೇ ಹೆಸರು, ಒಂದೇ ಗುಪ್ತಪದದಿಂದ ಒಳಹೋಗುತ್ತಿದ್ದೆವು. ಸಂಘವನ್ನು ಕಟ್ಟಿದ ಹಿರಿಯರೊಬ್ಬರ ಸ್ಮರಣಪುಟ ಒಂದು ದಿನ ಮಾಯವಾಗಿತ್ತು. ಅಳಿಸಿದವರು ಯಾರೆಂದು ದಾಖಲೆ ಹೇಳಲಾರದು. ನಾನೇ ಇರಬಹುದು, ಆ ವಾರ ಹಳೆಯ ಪುಟಗಳನ್ನು ಗುಡಿಸುತ್ತಿದ್ದವನು ನಾನು. ಅವರ ಶ್ರೀಮತಿಯವರು ಫೋನು ಮಾಡಿ, "ಡಾಕ್ಟ್ರೇ, ಅವರ ಫೋಟೋ ಕಾಣ್ತಾ ಇಲ್ವಲ್ಲ" ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಸೂಚನೆ ಇಷ್ಟೆ. ಒಬ್ಬೊಬ್ಬರಿಗೂ ತಮ್ಮದೇ ಹೆಸರಿನ ಪ್ರವೇಶವಿರಲಿ. ಬರೆಯಲು, ತಿದ್ದಲು ಸದಸ್ಯರೆಲ್ಲರಿಗೂ ಅವಕಾಶವಿರಲಿ, ಮಕ್ಕಳಿಗೂ. ಪ್ರತಿವಾರ ಒಬ್ಬರು ಸರದಿಯಂತೆ ತಿದ್ದುಪಡಿಗಳನ್ನು ನೋಡಲಿ. ಅಳಿಸುವ ಅಧಿಕಾರ ಇಬ್ಬರಿಗೆ ಸಾಕು. ಆ ಇಬ್ಬರಲ್ಲಿ ನಾನು ಬೇಡ.

ಆ ಸ್ಮರಣಪುಟವನ್ನು ಅಚ್ಚು ತೆಗೆದಿಟ್ಟುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಊಟಕ್ಕೆ ಏಳುವ ಮುನ್ನ ದಯವಿಟ್ಟು ನನಗೆ ತಿಳಿಸಿ.