ಕೀ ಯಾರ ಹತ್ರ ಇದೆ?

ಸಂಘದವರು ಕೊಟ್ಟಿರುವ ವಿಷಯ ‘ಗುಂಪು ಮತ್ತು ಗಾಯಾಳು’. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಚಿಂತಕರು’ ಅಂತ ಹಾಕಿಬಿಟ್ಟಿದ್ದಾರೆ. ಈಗ ಹೇಳುವುದನ್ನು ಕೇಳಿದ ಮೇಲೆ ಅದನ್ನು ನೀವೇ ಹೊಡೆದುಹಾಕುತ್ತೀರಿ.

ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ತುಮಕೂರಿನಿಂದ ಶಿರಾ ಕಡೆ ಹೋಗುವ ಹೆದ್ದಾರಿ. ಸರ್ವಿಸ್ ರಸ್ತೆಯ ಪಕ್ಕ ಒಂದು ಟೀ ಅಂಗಡಿ, ಅದಕ್ಕೆ ಅಂಟಿಕೊಂಡು ಪಂಕ್ಚರ್ ಅಂಗಡಿ. ಟೀ ಲೋಟ ಬಾಯಿಗಿಡುವಷ್ಟರಲ್ಲಿ ದಢ್ ಅಂತ ಸದ್ದು. ಲಗೇಜ್ ಆಟೊ ಒಂದು ಬೈಕಿಗೆ ಗುದ್ದಿತ್ತು. ಬೈಕಿನ ಹುಡುಗ ರಸ್ತೆ ಮೇಲೆ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಎಲ್ಲೋ. ತೊಡೆಯಿಂದ ರಕ್ತ ಇಳಿದು ಪ್ಯಾಂಟು ಕಪ್ಪಾಗುತ್ತಿತ್ತು. ಎಲ್ಲಿದ್ದರೋ, ಒಂದೇ ನಿಮಿಷಕ್ಕೆ ನಲವತ್ತು ಜನ ಸೇರಿದರು. ಸೇರಿದವರು ನುಗ್ಗಿದ್ದು ಆಟೊ ಕಡೆಗೆ. ಡ್ರೈವರನ್ನು ಕಾಲರ್ ಹಿಡಿದು ಎಳೆದರು, ಕೆನ್ನೆಗೆ ಬಿಟ್ಟರು. ಆಗಷ್ಟೇ ಬಂದವನೊಬ್ಬ ಏನಾಯಿತು ಅಂತಲೂ ಕೇಳದೆ ತನ್ನದೂ ಒಂದು ಇರಲಿ ಅಂತ ಕೊಟ್ಟ. ಇನ್ನೊಬ್ಬ, ಗಾಡಿ ತಗೊಂಡು ಓಡಿಹೋಗಬಾರದು ಅಂತ ಕೀ ಕಿತ್ತುಕೊಂಡ. ಈ ಜಾಣತನವನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನೆಲ್ಲಿದ್ದೆ? ಹತ್ತು ಅಡಿ ದೂರದಲ್ಲಿ, ಲೋಟ ಕೈಯಲ್ಲೇ ಹಿಡಿದು. ಬಿದ್ದ ಹುಡುಗ ನನ್ನ ಎಡಕ್ಕೇ ಇದ್ದ. ನಾನು ನೋಡುತ್ತಿದ್ದದ್ದು ಬಲಕ್ಕೆ, ಹೊಡೆತವನ್ನು.

ಆಗ ಪಂಕ್ಚರ್ ಅಂಗಡಿಯವನು ಬಂದ. ‘ಯಾರಾದರೂ ಸಹಾಯ ಮಾಡ್ರಪ್ಪಾ’ ಅನ್ನಲಿಲ್ಲ. ‘ಏ ಕೆಂಪು ಟೀ ಶರ್ಟು, ನೂರಾ ಎಂಟಕ್ಕೆ ಫೋನ್ ಹಾಕು. ಕನ್ನಡಕದ ಸಾರ್, ಆ ಲೋಟ ಕೆಳಗಿಡಿ, ಬನ್ನಿ ಇಲ್ಲಿ’ ಅಂದ. ಹೆಗಲ ಮೇಲಿನ ಟವೆಲ್ ಮಡಿಸಿ ಗಾಯದ ಮೇಲಿಟ್ಟು ನನ್ನ ಎರಡೂ ಅಂಗೈ ಅದರ ಮೇಲೆ ಒತ್ತಿಸಿದ. ‘ಬಿಡಬೇಡಿ. ನಿಂತಿದೆಯಾ ಅಂತ ತೆಗೆದು ತೆಗೆದು ನೋಡಬೇಡಿ.’ ಮಂಡಿಯೂರಿ ಕೂತ ಮೇಲೆ ನನಗೆ ಗಲಾಟೆ ಕೇಳಿಸಲೇ ಇಲ್ಲ. ಅಂಗೈಗೆ ಬಿಸಿ ತಾಗುತ್ತಿದ್ದದ್ದು ಮಾತ್ರ ಗೊತ್ತು.

ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಅಂದರು. ಆಟೊದಲ್ಲೇ ಹಾಕಿಕೊಂಡು ಹೋಗೋಣ ಅಂತ ನಾಲ್ಕು ಜನ ಹುಡುಗನನ್ನು ಎತ್ತಿದರು. ‘ಕೀ ಯಾರ ಹತ್ರ ಇದೆ?’ ಯಾರ ಹತ್ರವೂ ಇಲ್ಲ. ಕಿತ್ತವನು ಯಾರು ಅಂತ ಯಾರಿಗೂ ಗೊತ್ತಿಲ್ಲ. ತುಟಿ ಒಡೆದ ಡ್ರೈವರು, ‘ನಾನೇ ಬಿಡ್ತೀನಿ ಸಾರ್, ನಾನೇ ಬಿಡ್ತೀನಿ’ ಅನ್ನುತ್ತಲೇ ಇದ್ದ. ಕೊನೆಗೆ ಹಾಲಿನ ವ್ಯಾನೊಂದನ್ನು ಅಡ್ಡಹಾಕಿ, ಕ್ಯಾನ್‌ಗಳನ್ನೆಲ್ಲ ಟೀ ಅಂಗಡಿಯಲ್ಲಿ ಇಳಿಸಿ, ಹುಡುಗನನ್ನು ಕಳಿಸಿದೆವು.

ಆಮೇಲೆ ಒಂದು ದಿನ 1988ರ ಮೋಟಾರು ವಾಹನ ಕಾಯ್ದೆ ತೆಗೆದು ನೋಡಿದೆ. 134ನೇ ಕಲಂ, ಅಪಘಾತವಾದಾಗ ಚಾಲಕ ಏನು ಮಾಡಬೇಕು ಅನ್ನುವುದು. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಅವನ ಕರ್ತವ್ಯ. ಆದರೆ ಅದಕ್ಕೊಂದು ವಿನಾಯಿತಿ ಇದೆ: ಗುಂಪಿನ ಆಕ್ರೋಶದಿಂದಾಗಿ ಅಥವಾ ಕೈಮೀರಿದ ಇನ್ಯಾವುದೋ ಕಾರಣದಿಂದಾಗಿ ಅದು ಸಾಧ್ಯವಾಗದಿದ್ದರೆ. ಗುಂಪಿನ ಆಕ್ರೋಶ! ಮಳೆ, ಗಾಳಿ, ನೆರೆಯ ಸಾಲಿಗೆ ನಮ್ಮನ್ನೂ ಸೇರಿಸಿದ್ದಾರೆ. ನಾವು ಕಾಯ್ದೆಯ ಪುಸ್ತಕಕ್ಕೆ ಸೇರಿರುವುದು ಹೀಗೆ. ಚಾಲಕ ಸ್ಥಳದಿಂದ ಓಡಿದರೆ ನಾವು ‘ಕಟುಕ’ ಅನ್ನುತ್ತೇವೆ. ಎಷ್ಟೋ ಸಲ ಅವನು ಗಾಯಾಳುವನ್ನು ಬಿಟ್ಟು ಓಡುವುದಿಲ್ಲ, ನಮ್ಮಿಂದ ಓಡುತ್ತಾನೆ.

ಜನ ಸುಮ್ಮನೆ ನಿಂತು ನೋಡುತ್ತಾರೆ ಅನ್ನುವುದಕ್ಕೆ ಎಲ್ಲರೂ ಕೊಡುವ ಉದಾಹರಣೆ 1964ರ ನ್ಯೂಯಾರ್ಕಿನದು. ಕಿಟಿ ಜಿನೊವೀಸ್ ಎಂಬ ಯುವತಿಯ ಕೊಲೆಯನ್ನು 38 ಜನ ನೋಡಿಯೂ ಸುಮ್ಮನಿದ್ದರು ಎಂದು ಪತ್ರಿಕೆ ಬರೆಯಿತು. ಆ ವರದಿ ಬಹಳ ಉಬ್ಬಿಸಿದ್ದು ಅಂತ ಆಮೇಲೆ ಗೊತ್ತಾಯಿತು. ಆದರೆ ಅದರಿಂದ ಹುಟ್ಟಿದ ಒಂದು ಪ್ರಯೋಗ ನನಗೆ ಮುಖ್ಯ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬಿಬ್ಬರು ಸಂಶೋಧಕರು, ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಮೈಕಿನಲ್ಲಿ ಒಬ್ಬನಿಗೆ ಮೂರ್ಛೆ ಬಂದ ಸದ್ದು ಕೇಳಿಸಿದರು. ಕೇಳುತ್ತಿರುವವನು ತಾನೊಬ್ಬನೇ ಅಂದುಕೊಂಡವರಲ್ಲಿ ನೂರಕ್ಕೆ 85 ಜನ ಎದ್ದು ಸಹಾಯಕ್ಕೆ ಹೋದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದದ್ದು 31 ಜನ. ಕೇಳುವವರು ಹೆಚ್ಚಾದಷ್ಟೂ ‘ಯಾರೋ ಹೋಗಿರುತ್ತಾರೆ ಬಿಡು’.

ಹಾಗಂತ ಗುಂಪು ಕಲ್ಲಲ್ಲ. ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ 219 ಬೀದಿ ಜಗಳಗಳ ಸಿಸಿಟಿವಿ ದೃಶ್ಯಗಳನ್ನು ಸಂಶೋಧಕರು ನೋಡಿ, 2019ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಜಗಳದಲ್ಲಿ ಒಬ್ಬರಾದರೂ ನಡುವೆ ಹೋಗಿದ್ದರು. ಜನ ಹೆಚ್ಚಿದ್ದಷ್ಟೂ ಆ ಸಾಧ್ಯತೆ ಹೆಚ್ಚಿತ್ತು. ಮೂರ್ಛೆಯ ಕೋಣೆಯಲ್ಲಿ ಕೈಗಳು ಏಳಲಿಲ್ಲ, ಬೀದಿಯಲ್ಲಿ ಎದ್ದವು. ಶಿರಾ ರಸ್ತೆಯಲ್ಲೂ ಎದ್ದವಲ್ಲ! ಕೆನ್ನೆಗೆ ಹೊಡೆಯಲು ಕಲಿತಿರಬೇಕಾಗಿಲ್ಲ. ರಕ್ತ ಒತ್ತಿ ಹಿಡಿಯಲು ಕಲಿತಿರಬೇಕು, ಇಲ್ಲವೇ ಕಲಿತವನೊಬ್ಬ ‘ಕನ್ನಡಕದ ಸಾರ್’ ಅಂತ ಕರೆಯಬೇಕು. ಆ ನಲವತ್ತು ಜನರಲ್ಲಿ ನಾನು ಯಾರೂ ಅಲ್ಲದವನಾಗಿದ್ದೆ. ಅವನು ಕರೆದ ಕೂಡಲೇ ನನಗೊಂದು ಕೆಲಸ ಸಿಕ್ಕಿತು.

ಪೊಲೀಸು, ಕೋರ್ಟು, ಸಾಕ್ಷಿ ಅನ್ನುವ ಭಯವೂ ಇದೆ, ಸುಳ್ಳಲ್ಲ. ಹಾಲಿನ ವ್ಯಾನಿನವನನ್ನು ಆಸ್ಪತ್ರೆಯಲ್ಲಿ ಸಂಜೆಯವರೆಗೆ ಕೂರಿಸಿಕೊಂಡಿದ್ದರಂತೆ. ಸ್ಕೂಟರ್ ಸವಾರನೊಬ್ಬನನ್ನು ಪೊಲೀಸ್ ಕೇಸು ಅಂತ ಆಸ್ಪತ್ರೆಯವರು ಇನ್ನೊಂದು ಕಡೆಗೆ ಅಟ್ಟಿ, ಆತ ದಾರಿಯಲ್ಲೇ ತೀರಿಕೊಂಡದ್ದರಿಂದ ಎದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತ್ತು: ಮೊದಲು ಜೀವ, ಆಮೇಲೆ ಕಾಗದ. 2016ರಲ್ಲಿ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗೆ ಅದೇ ಕೋರ್ಟು ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಆ ರಕ್ಷಣೆ ಮೋಟಾರು ವಾಹನ ಕಾಯ್ದೆಗೇ 134ಎ ಕಲಂ ಆಗಿ ಸೇರಿತು. ಕರ್ನಾಟಕಕ್ಕೆ ತನ್ನದೇ ಕಾಯ್ದೆಯೂ ಇದೆ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು. ಗಾಯಾಳುವನ್ನು ಸೇರಿಸಿ ಹೆಸರು ಹೇಳದೆಯೇ ಹೊರಟುಹೋಗಬಹುದು. ಆ ಪುಟ ನಮಗೆ ಗೊತ್ತಿಲ್ಲ. ಕೀ ಕೀಳುವುದು ಗೊತ್ತು.

ಆರು ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋದಾಗ ಪಂಕ್ಚರ್ ಅಂಗಡಿಯ ಮುಂದೆ ಇಳಿದೆ. ಹುಡುಗ ಬದುಕಿದ, ಕಾಲಿಗೆ ರಾಡ್ ಹಾಕಿದ್ದಾರೆ ಅಂದ. ಗೋಡೆಯ ಮೊಳೆಯಲ್ಲಿ, ಹಳೇ ಟ್ಯೂಬುಗಳ ಜೊತೆಗೆ, ತುಕ್ಕು ಹಿಡಿದ ಒಂದು ಕೀ ನೇತಾಡುತ್ತಿತ್ತು. ಮಳೆ ಬಂದಾಗ ಚರಂಡಿಯಿಂದ ಮೇಲೆ ಬಂತಂತೆ.

‘ಆಟೊದವನು ಬಂದು ಕೇಳಲಿಲ್ವಾ?’ ಅಂದೆ.

‘ಎಲ್ಲಿ ಬರ್ತಾನೆ ಸಾರ್ ಈ ಕಡೆ’ ಅಂದವನೇ, ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ಅಂತ ನೋಡತೊಡಗಿದ.