ಪದವಿಯಿಂದ ಪಾಠದ ಕೋಣೆಗೆ: ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಹೈಸ್ಕೂಲು ಶಿಕ್ಷಕರ ತರಬೇತಿ

ತಮಿಳುನಾಡಿನಲ್ಲಿ ಪದವಿ ಮುಗಿಸಿದವರು ಹೈಸ್ಕೂಲು ಶಿಕ್ಷಕರಾಗಬೇಕಾದರೆ ಮೊದಲು ಬಿ.ಎಡ್. ಮುಗಿಸಬೇಕು. ಪದವಿಯಲ್ಲಿ ಓದಿದ ವಿಷಯವು ಶಾಲೆಯಲ್ಲಿ ಕಲಿಸುವ ವಿಷಯವೂ ಆಗಿರಬೇಕು. ಸಾಮಾನ್ಯ ವರ್ಗದವರಿಗೆ ಶೇ. 50 ಅಂಕ ಬೇಕು. ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. 2008ರಲ್ಲಿ ಹುಟ್ಟಿದ ತಮಿಳುನಾಡು ಶಿಕ್ಷಕರ ಶಿಕ್ಷಣ ವಿಶ್ವವಿದ್ಯಾಲಯದ ಅಡಿಯಲ್ಲಿ ಇಲ್ಲಿನ ಬಹುತೇಕ ಬಿ.ಎಡ್. ಕಾಲೇಜುಗಳು ನಡೆಯುತ್ತವೆ.

ಈ ಸೀಮೆಗೆ ತರಬೇತಿಯ ಹಳೆಯ ಪರಂಪರೆಯಿದೆ. ಟಿ.ಎಸ್. ಅವಿನಾಶಿಲಿಂಗಂ 1930ರಲ್ಲಿ ಆರಂಭಿಸಿದ ರಾಮಕೃಷ್ಣ ವಿದ್ಯಾಲಯ ಮುಂದೆ ಪೆರಿಯನಾಯಕ್ಕನ್‌ಪಾಳ್ಯದಲ್ಲಿ ನೆಲೆಗೊಂಡಿತು. ಅವಿನಾಶಿಲಿಂಗಂ 1946ರಿಂದ 1949ರವರೆಗೆ ಮದ್ರಾಸ್ ಪ್ರಾಂತದ ಶಿಕ್ಷಣ ಮಂತ್ರಿಯಾಗಿದ್ದರು. ವಿದ್ಯಾಲಯದ ಶಿಕ್ಷಕರ ಕಾಲೇಜು ಶುರುವಾದದ್ದು 1950ರಲ್ಲಿ. ಪಾಠ, ಕೈಕೆಲಸ, ವಸತಿ ಒಂದೇ ಆವರಣದಲ್ಲಿದ್ದುದರಿಂದ ಅಲ್ಲಿ ಪಾಠ ಹೇಳಲು ಕಲಿಯುವವರಿಗೆ ಶಾಲೆ ಕೂಗಳತೆಯಲ್ಲೇ ಇತ್ತು. ಊರೂರಿಗೆ ಎದ್ದ ಖಾಸಗಿ ಕಾಲೇಜುಗಳಿಗೆ ಈ ಅನುಕೂಲ ಸುಲಭದಲ್ಲಿ ಸಿಕ್ಕದು.

ಒಂದು ವರ್ಷದ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ಇದಕ್ಕೆ ಕಾರಣ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮ. ಹೆಚ್ಚಿದ ಅವಧಿಯ ಮುಖ್ಯ ಪಾಲು ಶಾಲೆಗೇ ಮೀಸಲು: ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಮನಶ್ಶಾಸ್ತ್ರ, ಮೌಲ್ಯಮಾಪನ, ಬೋಧನಾ ವಿಧಾನದ ತರಗತಿಗಳು ಕಾಲೇಜಿನಲ್ಲಿ ನಡೆಯುತ್ತವೆ. ಆದರೆ ಪಾಠಯೋಜನೆಯಲ್ಲಿ ಬರೆದಂತೆ ನಲವತ್ತು ನಿಮಿಷ ಓಡುವುದಿಲ್ಲವೆಂಬ ಅರಿವು ಎಂಟನೇ ತರಗತಿಯ ಮಕ್ಕಳ ಮುಂದೆ ನಿಂತಾಗಲೇ ಬರುವುದು. ದುಡಿಮೆ ಅರಸಿ ಬಂದ ಹೊರರಾಜ್ಯದ ಕುಟುಂಬಗಳಿರುವ ತಿರುಪ್ಪೂರಿನ ಬನಿಯನ್ ಕೇರಿಗಳಲ್ಲಂತೂ ಮನೆಯಲ್ಲಿ ಹಿಂದಿ, ಒಡಿಯಾ ಆಡುವ ಮಕ್ಕಳೂ ಎದುರಿಗಿರುತ್ತಾರೆ. ಅಂಥವರಿಗೆ ಪಾಠ ಹೇಳುವ ಬಗೆ ಶಾಲೆಯಲ್ಲೇ ರೂಢಿಯಾಗಬೇಕು.

ಬಿ.ಎಡ್. ಆದ ಮಾತ್ರಕ್ಕೆ ಸರ್ಕಾರಿ ಕೆಲಸ ಸಿಗುವುದಿಲ್ಲ. 6ರಿಂದ 8ನೇ ತರಗತಿಯ ಅರ್ಹತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟೆಟ್) ಎರಡನೆಯ ಪತ್ರಿಕೆಯಲ್ಲಿ ತೇರ್ಗಡೆಯಾಗಬೇಕು. ಒಟ್ಟು 150 ಅಂಕ. ಸಾಮಾನ್ಯ ವರ್ಗಕ್ಕೆ 90 ಬೇಕು. ಶಿಶುವಿಕಾಸ, ಮೊದಲ ಭಾಷೆ, ಇಂಗ್ಲಿಷ್ ತಲಾ 30. ಉಳಿದ 60 ಗಣಿತ-ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ. ಮೊದಲ ಭಾಷೆಯ ಪಟ್ಟಿಯಲ್ಲಿ ತಮಿಳು, ತೆಲುಗು, ಮಲಯಾಳಂ, ಉರ್ದುವಿನ ಜೊತೆ ಕನ್ನಡವೂ ಇದೆ.

ಆದರೂ ಈ ಜಿಲ್ಲೆಗಳ ಕನ್ನಡ ಆಡುವ ದೇವಾಂಗ, ಒಕ್ಕಲಿಗ ಮನೆಗಳ ಪದವೀಧರರಿಗೆ ಆ ಅವಕಾಶ ಒದಗುವುದು ಕಷ್ಟ. ಅವರ ಕನ್ನಡ ಹೆಚ್ಚಾಗಿ ಆಡುಮಾತು, ಓದುಬರಹ ತಮಿಳಿನಲ್ಲಿ. ಮೇಲಾಗಿ ಜಿಲ್ಲೆಯ ಗಡಿಯೂ ಬದಲಾಯಿತು: 1956ರವರೆಗೆ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರಿಗೆ ಹೋಯಿತು. ಕನ್ನಡ ಶಾಲೆಗಳಿರುವ ತಾಳವಾಡಿ ಸೀಮೆ 1979ರಲ್ಲಿ ಈಗಿನ ಈರೋಡು ಜಿಲ್ಲೆಗೆ ಸೇರಿತು. ಹೀಗೆ ಕನ್ನಡದಲ್ಲಿ ಪಾಠ ಹೇಳುವ ಹುದ್ದೆಗಳು ಬಹುಮಟ್ಟಿಗೆ ಜಿಲ್ಲೆಯ ಗಡಿಯಾಚೆಗೆ ಸರಿದವು.

ಟೆಟ್ ನಂತರ, 2018ರ ಸರ್ಕಾರಿ ಆದೇಶದಂತೆ, ನೇಮಕಾತಿಗೆ ಬೇರೊಂದು ಸ್ಪರ್ಧಾ ಪರೀಕ್ಷೆ. ಅದಕ್ಕೆ ಕಡ್ಡಾಯ ತಮಿಳು ಅರ್ಹತಾ ಪರೀಕ್ಷೆಯೂ ಸೇರಿದೆ. ತಮಿಳು ಮಾಧ್ಯಮದಲ್ಲಿ ಓದಿದವರಿಗೆ ಶೇ. 20 ಮೀಸಲು. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು ಟೆಟ್ ನಿಯಮವನ್ನು ಸೇವೆಯಲ್ಲಿರುವವರಿಗೂ ವಿಸ್ತರಿಸಿತು. ಶಿಕ್ಷಣ ಹಕ್ಕು ಕಾಯ್ದೆಗೂ ಮೊದಲು ನೇಮಕಗೊಂಡು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟೆಟ್ ಮುಗಿಸಬೇಕು. ಅದಕ್ಕಿಂತ ಕಡಿಮೆ ಉಳಿದವರು ಟೆಟ್ ಇಲ್ಲದೆ ಮುಂದುವರಿಯಬಹುದು, ಬಡ್ತಿ ಮಾತ್ರ ಇಲ್ಲ.