ಬರ್ಕಾ ಅಂದ್ರೆ ಬಕ್ಕೆ ಅಲ್ಲ

ಮೇಜಿನ ಮೇಲೆ ಕಾಣ್ತಿರೋದು ಹಲಸಿನ ಹಣ್ಣು, 8 ಕೆಜಿ. ಮಾತಾಡ್ತಾ ಮಾತಾಡ್ತಾ ಇದನ್ನ ಕೊಯ್ಯೋಣ.

ನಾನಿರೋದು ಪುಣೆ–ಸೋಲಾಪುರ ಹೆದ್ದಾರಿಯ ಕುರಕುಂಭದಲ್ಲಿ. ಊರಿನವರು ಕೇಳಿದ್ರೆ 'ಪುಣೆ' ಅಂದುಬಿಡ್ತೀನಿ. ನಿಜ ಹೇಳ್ಬೇಕಂದ್ರೆ ಪುಣೆ ಇಲ್ಲಿಂದ 70 ಕಿ.ಮೀ. ಮೇಲಾಗುತ್ತೆ. ಇಲ್ಲಿರೋದು ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳು, ಫಿರಂಗಾಯಿ ದೇವಿ ಗುಡಿ, ಆಚೆ ಕಬ್ಬಿನ ಗದ್ದೆ. ಒಂದು ಕಾರ್ಖಾನೆಯ ಸಾಫ್ಟ್‌ವೇರ್ ನೋಡ್ಕೊಳ್ಳೋದು ನನ್ನ ಕೆಲಸ. ಸಾಗರದ ಕಡೆಯವನಿಗೆ ಏಪ್ರಿಲ್ ಬಂತಂದ್ರೆ ಹಲಸು ನೆನಪಾಗದೆ ಇರುತ್ತಾ?

ಮೊದಲ ವರ್ಷ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಹೋದೆ. ವ್ಯಾಪಾರಿ 'ಕಾಪಾ ಬೇಕೋ ಬರ್ಕಾ ಬೇಕೋ' ಅಂತ ಮರಾಠಿಯಲ್ಲಿ ಕೇಳಿದ. ನನ್ನ ಕಿವಿಗೆ ಬರ್ಕಾ ಅಂದ್ರೆ ನಮ್ಮ ಬಕ್ಕೆ! ಖುಷಿಯಿಂದ ಅದನ್ನೇ ಹೊತ್ತು ತಂದೆ. ಮನೇಲಿ ಚೂರಿ ಹಾಕಿದ್ರೆ ಎಲ್ಲ ಲೊಳಲೊಳ. ವಿಷಯ ಏನಂದ್ರೆ, ನಾವು ಬಕ್ಕೆ ಅನ್ನೋ ಗಟ್ಟಿ ತೊಳೆಯ ಹಣ್ಣಿಗೆ ಇಲ್ಲಿ ಕಾಪಾ ಅಂತಾರೆ. ಬರ್ಕಾ ಅಂದ್ರೆ ಮೆತ್ತಗಿನದು, ನಮ್ಮ ಬಿಳುವ, ಕರಾವಳಿಯವರ ತುಳುವ. ಅದಕ್ಕೆ ಚೂರಿಯೇ ಬೇಡ. ತೊಟ್ಟು ಹಿಡಿದು ಕೈಯಲ್ಲೇ ಬಿಡಿಸಬಹುದು. ಚೂರಿ ಹಾಕಿ ನಾನೇ ಕೆಡಿಸಿದ್ದೆ. ಅಂದು ಫೋನಲ್ಲಿ ಅಪ್ಪಯ್ಯ ನಕ್ಕಿದ್ದು ಇನ್ನೂ ಕೇಳ್ತಿದೆ.

ಅಪ್ಪಯ್ಯ ಮರದ ಕೆಳಗೆ ನಿಂತು ಬೆರಳಿಂದ ಬಡಿದು 'ಇದು ನಾಳಿದ್ದಿಗೆ' ಅಂತಿದ್ರು. ನಾನು ಬರೀ ತಿಂದವನು, ಒಂದು ದಿನಾನೂ ಬಡಿದವನಲ್ಲ. ಈಗ ಅವರಿಗೆ ಒಂದು ಕಿವಿ ಕೇಳ್ಸಲ್ಲ, ಇಷ್ಟು ದೂರ ಪ್ರಯಾಣಾನೂ ಆಗಲ್ಲ.

ಮರುವರ್ಷ ಸರಿಯಾಗಿ ಕಾಪಾ ತಂದೆ. ವಿಡಿಯೋ ಕಾಲಲ್ಲಿ ಹಣ್ಣು ಬಡಿದು ತೋರಿಸ್ದೆ. 'ಬಡಿ ಮಾರಾಯ' ಅಂದ್ರು. ಬಡಿದೆ. 'ನೀ ಬಡೀತಾನೇ ಇಲ್ವಲ್ಲ!' ಅವರ ಕಿವಿಯ ತಪ್ಪು ಅಂತ ನಾನು ಬೇಜಾರಾಗಿ ಕೂತೆ. ಆಮೇಲೆ ಹೊಳೀತು: ಮೀಟಿಂಗಲ್ಲಿ ಕೀಬೋರ್ಡ್ ಸದ್ದು ಅಳಿಸೋ ಅದೇ ನಾಯ್ಸ್ ಸಪ್ರೆಷನ್, ಮನುಷ್ಯರ ದನಿ ಉಳಿಸಿ ಹಣ್ಣಿನ ಸದ್ದನ್ನ ನುಂಗ್ತಾ ಇತ್ತು. ದಿನಾ ಇದರಲ್ಲೇ ಕೆಲಸ ಮಾಡೋ ನನಗೆ ಇದು ತಿಳೀಲಿಲ್ಲ ನೋಡಿ. ಬೇರೆ ರೆಕಾರ್ಡ್ ಮಾಡಿ ಕಳಿಸಿದೆ. ಒಳ್ಳೇ ಕಿವಿಗೆ ಹಿಡಿದು ಕೇಳಿ ಅಂದ್ರು: 'ಟಕ್ ಟಕ್ ಅಂತಿದೆ. ಡಬ್ ಡಬ್ ಅನ್ನೋವರೆಗೆ ಮುಟ್ಟಬೇಡ.'

ಕೊಳ್ಳುವಾಗ ಮುಳ್ಳು ನೋಡಿ. ಬೆಳೆದ ಹಣ್ಣಲ್ಲಿ ಮುಳ್ಳು ಬಿಡಿಬಿಡಿಯಾಗಿ ಅಗಲ ಆಗಿರುತ್ತೆ, ಚೂಪು ಕಡಿಮೆ. ಎಳೆಯದನ್ನ ತಂದ್ರೆ ಅದು ಹಣ್ಣಾಗಲ್ಲ, ಪಲ್ಯ ಮಾಡಿ. ಬೆಳೆದದ್ದು ಕೊಯ್ದ ಮೇಲೆ 3ರಿಂದ 10 ದಿನದೊಳಗೆ ಹಣ್ಣಾಗುತ್ತೆ. ಇಡೀ ಹಣ್ಣನ್ನ ಫ್ರಿಜ್ಜಿಗೆ ತುರುಕಬೇಡಿ.

ಈಗ ಕೊಯ್ಯೋಣ. ಕೆಳಗೆ ಪೇಪರ್. ಕೈಗೂ ಚೂರಿಗೂ ಕೊಬ್ಬರಿ ಎಣ್ಣೆ, ಮೊದಲೇ ಹಚ್ಚಿ. ಮೇಣ ನೀರಿಗೆ ಜಗ್ಗಲ್ಲ. ಅಡ್ಡಕ್ಕೆ ಎರಡು ಭಾಗ ಮಾಡಿ, ಪೇಪರ್ ಉಂಡೆಯಿಂದ ಮೇಣ ಒರೆಸಿ, ನಡುವಿನ ದಿಂಡು ತೆಗೀರಿ. ಮೇಣ ಒರೆಸಿದ್ದನ್ನ ಸಿಂಕಿಗೆ ಹಾಕಿದ್ರೆ ಪ್ಲಂಬರ್ ಕರೀಬೇಕಾಗುತ್ತೆ, ನಾನು ಕರೆದಿದ್ದೀನಿ.

ತೊಳೆಯ ಸುತ್ತ ಇರೋ ಈ ನಾರಿನಂಥ ಪಟ್ಟಿಗಳಿವೆಯಲ್ಲ, ಇವು ಕಾಯಿಕಟ್ಟದ ಹೂಗಳು. ಒಂದೊಂದು ತೊಳೆಯೂ ಒಂದೊಂದು ಹೂವಿನದು. ಒಂದು ಹಲಸು ಅಂದ್ರೆ ಒಂದಕ್ಕೊಂದು ಅಂಟಿಕೊಂಡ ನೂರಾರು ಹಣ್ಣು. ತೂಕದಲ್ಲಿ ತೊಳೆ ಸಿಗೋದು ಸುಮಾರು ಮೂರರಲ್ಲೊಂದು ಪಾಲು. ಮಿಕ್ಕಿದ್ದರಲ್ಲಿ ಬೀಜ ಎಸೀಬೇಡಿ, ಉಪ್ಪು ಹಾಕಿ ಬೇಯಿಸಿ. ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರನ್ನ ಕೇಳಿ ತಿನ್ನಿ, ಇದರಲ್ಲಿ ಪೊಟ್ಯಾಶಿಯಂ ಇದೆ.

ಈ ಹಣ್ಣಿನ ಸದ್ದು ಬುಧವಾರ ಕಳಿಸಿದ್ದೆ. ಅಪ್ಪಯ್ಯ 'ಭಾನುವಾರ' ಅಂದಿದ್ರು. ಇವತ್ತು ಭಾನುವಾರ. ನೋಡಿ, ಹಳದಿ ತೊಳೆ, ಗಟ್ಟಿ, ಅದುಮಿದ್ರೂ ಜಾರಲ್ಲ. ಇನ್ನೊಂದು ಭಾಗ ಬಿಡಿಸೋದಿದೆ, ಆದ್ರೆ ಎದುರು ಮನೆ ಕಾಕು ವಾಸನೆ ಹಿಡಿದು ಪಾತ್ರೆ ಸಮೇತ ಬಂದಿದ್ದಾರೆ. ಕೈಯೆಲ್ಲ ಎಣ್ಣೆ, ಬಾಗಿಲು ತೆಗೆಯೋರು ಯಾರು?